ಧಾತ್ವರ್ಥ ಮತ್ತು ಪದಾರ್ಥ: ಇಂಗ್ಲಿಷಿನ ಗ್ರೀಕ್‌ಮೂಲ ಪದಗಳ ವಿವರಣೆಯನ್ನು ಕುರಿತು

ಇಂಗ್ಲಿಷಿನ ಗ್ರೀಕ್‌ಮೂಲ ಪದಗಳನ್ನು ಪರಿಚಯಿಸುವ ಕೈಪಿಡಿಗಳು ಸಾಮಾನ್ಯವಾಗಿ ಒಂದೇ ಬಗೆಯ ಪಟ್ಟಿಯನ್ನು ಕೊಡುತ್ತವೆ: ಗ್ರೀಕ್ ಘಟಕ, ಅದರ ಅರ್ಥ, ಅದರಿಂದಾದ ಇಂಗ್ಲಿಷ್ ಪದ. ಘಟಕಗಳ ಅರ್ಥವನ್ನು ಕೂಡಿಸಿದರೆ ಪದದ ಚರಿತ್ರೆಯೂ ಅರ್ಥವೂ ಒಟ್ಟಿಗೇ ದೊರೆಯುತ್ತವೆ ಎಂಬ ಗ್ರಹಿಕೆ ಇದರ ಹಿಂದಿದೆ. ಈ ಗ್ರಹಿಕೆಯು ಚರಿತ್ರೆ, ಅರ್ಥ, ರಚನೆ ಈ ಮೂರೂ ನೆಲೆಗಳಲ್ಲಿ ನಿಲ್ಲದೆಂಬುದು ನಮ್ಮ ವಾದ.

ಮೊದಲಿಗೆ ಚರಿತ್ರೆ. ‘ಸ್ಕೂಲ್’ ಪದವು ಬಿಡುವು ಎಂಬರ್ಥದ ಗ್ರೀಕ್ ‘ಸ್ಖೊಲೆ’ಯಿಂದ ಲ್ಯಾಟಿನ್ನಿನ ಮೂಲಕ ಹಳೆಯ ಇಂಗ್ಲಿಷಿಗೆ ಬಂದ ಎರವಲು, ಬಿಡುವು ವ್ಯಾಸಂಗವಾಗಿ ಮಾರ್ಪಟ್ಟದ್ದು ಗ್ರೀಕಿನಲ್ಲೇ. ‘ನಾಸ್ಟಾಲ್ಜಿಯಾ’ ಹಾಗಲ್ಲ. ಊರಿಗೆ ಮರಳುವುದು ಎಂಬರ್ಥದ ‘ನೊಸ್ತೊಸ್’, ನೋವು ಎಂಬರ್ಥದ ‘ಆಲ್ಗೊಸ್’ ಪ್ರಾಚೀನವಾದರೂ ಅವುಗಳ ಸಮಾಸ 1688ರದು. ಊರ ಹಂಬಲವನ್ನು ರೋಗವೆಂದು ಹೆಸರಿಸಲು ಯೊಹಾನೆಸ್ ಹೋಫರ್ ತನ್ನ ಬಾಸೆಲ್ ಪ್ರಬಂಧದಲ್ಲಿ ಅದನ್ನು ಟಂಕಿಸಿದ. ಒಂದು ಗ್ರೀಕರ ಪದ, ಇನ್ನೊಂದು ಗ್ರೀಕ್ ಘಟಕಗಳ ಪದ. ಪಟ್ಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಸ್ಥಾನ.

ಇನ್ನು ಅರ್ಥ. ಯೌಗಿಕ, ರೂಢ, ಯೋಗರೂಢ ಎಂಬ ನಮ್ಮ ಶಾಸ್ತ್ರಪರಂಪರೆಯ ವಿಭಾಗ ಇಲ್ಲಿ ಉಪಯುಕ್ತ. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಲ್ಲ. ಕೈಪಿಡಿಗಳು ಯೋಗರೂಢ ಪದಗಳನ್ನು ಕೇವಲ ಯೌಗಿಕವೆಂದು ಓದಿಸುತ್ತವೆ. ‘ಆಕ್ಸಿಜನ್’ ಎಂದರೆ ಆಮ್ಲವನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಆ ಧಾತು ಇದೆಯೆಂಬ ಲಾವ್ವಾಸಿಯೆಯ ಸಿದ್ಧಾಂತ ಈ ಹೆಸರಿನಲ್ಲಿ ಅಡಗಿದೆ. ಇಂದು ಹೈಡ್ರೊಕ್ಲೋರಿಕ್ ಎನ್ನುವ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ವಾದಿಸಿದ. ಸಿದ್ಧಾಂತ ಬಿತ್ತು, ಪದ ಉಳಿಯಿತು. ಪದವನ್ನು ಉಳಿಸಿದ್ದು ರೂಢಿ.

ರಚನೆಯೂ ಸ್ಥಿರವಲ್ಲ. ‘ಹೆಲಿಕಾಪ್ಟರ್’ನಲ್ಲಿರುವುದು ಸುರುಳಿ ಎಂಬರ್ಥದ ‘ಹೆಲಿಕೊ’ ಮತ್ತು ರೆಕ್ಕೆ ಎಂಬರ್ಥದ ‘ಪ್ತೆರೊನ್’. ಇಂಗ್ಲಿಷ್ ಭಾಷಿಕರು ಅದನ್ನು ‘ಹೆಲಿ’, ‘ಕಾಪ್ಟರ್’ ಎಂದು ಒಡೆದುಕೊಂಡದ್ದಕ್ಕೆ ‘ಹೆಲಿಪೋರ್ಟ್’ ಸಾಕ್ಷಿ. ಏಕಕಾಲಿಕ ವಿಶ್ಲೇಷಣೆಗೆ ಈ ವಿಭಜನೆಯೇ ಪ್ರಮಾಣ.

ಈ ಪ್ರಶ್ನೆ ಕನ್ನಡದ ಪರಿಭಾಷಾ ನಿರ್ಮಾಣಕ್ಕೂ ಸಂಬಂಧಿಸಿದೆ. ‘ಜಲಜನಕ’ ಮತ್ತು ‘ಆಮ್ಲಜನಕ’ ಎರಡೂ ಘಟಕಶಃ ಅನುವಾದಗಳು. ಜಲಜನಕ ಇಂದಿಗೂ ಅನ್ವರ್ಥ. ಆಮ್ಲಜನಕವು ಬಿದ್ದುಹೋದ ಸಿದ್ಧಾಂತವನ್ನು ಹೊತ್ತು ತಂದಿದೆ. ಗ್ರೀಕ್ ಅರಿಯದ ಇಂಗ್ಲಿಷ್ ವಿದ್ಯಾರ್ಥಿಗೆ ‘ಆಕ್ಸಿಜನ್’ ಅಪಾರದರ್ಶಕ. ಕನ್ನಡದ ವಿದ್ಯಾರ್ಥಿಗೆ ‘ಆಮ್ಲಜನಕ’ ಪಾರದರ್ಶಕ. ಮೂಲದಲ್ಲಿ ಮರೆಯಾಗಿದ್ದ ತಪ್ಪು ಅನುವಾದದಲ್ಲಿ ಕಣ್ಣಿಗೆ ಕಾಣುತ್ತದೆ. ರೂಢಿಗೆ ಬಂದ ಪದವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಹೊಸ ಪದ ಕಟ್ಟುವಾಗ ಧಾತ್ವರ್ಥದ ಬದಲು ಪರಿಕಲ್ಪನೆಯನ್ನು ಅನುಸರಿಸಬೇಕು ಎಂಬುದಷ್ಟೇ ನಮ್ಮ ಆಗ್ರಹ.

ಆದ್ದರಿಂದ ಇಂಥ ಕೈಪಿಡಿಯ ಪ್ರತಿಯೊಂದು ನಮೂದಿನಲ್ಲೂ ಸಮಾಸ ಯಾವ ಭಾಷೆಯಲ್ಲಿ, ಯಾವಾಗ, ಯಾವ ಅರ್ಥದಲ್ಲಿ ಏರ್ಪಟ್ಟಿತು, ಇಂದಿನ ಭಾಷಿಕರು ಅದನ್ನು ಹೇಗೆ ಒಡೆಯುತ್ತಾರೆ ಎಂಬ ವಿವರಗಳು ಇರಬೇಕು. ಧಾತ್ವರ್ಥವು ಪದದ ಹುಟ್ಟನ್ನು ತಿಳಿಸಬಲ್ಲದು. ಅದರ ಬಾಳನ್ನು ಪ್ರಯೋಗದಿಂದಲೇ ತಿಳಿಯಬೇಕು.