ಚೋಳಮಂಡಲದ ಚಿತ್ರಶಾಲೆ

ಚಿತ್ರಶಾಲೆಯೊಂದನ್ನು ವಿಮರ್ಶಿಸುವವನು ಅದರ ಗೋಡೆಗಳ ಮೇಲಿರುವುದನ್ನು ನೋಡಿದರೆ ಸಾಲದು. ಆ ಗೋಡೆಗಳು ಯಾವ ದುಡಿಮೆಯಿಂದ ಎದ್ದುವೆಂಬುದನ್ನೂ ವಿಚಾರಿಸಬೇಕು. ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಕಡಲತಡಿಯ ಹಾದಿಯಲ್ಲಿ, ಇಂಜಂಬಾಕ್ಕಮಿನಲ್ಲಿರುವ ಚೋಳಮಂಡಲ ಕಲಾವಿದರ ಗ್ರಾಮದ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ. ಸಿ. ಎಸ್. ಪಣಿಕ್ಕರರ ಮುಂದಾಳ್ತನದಲ್ಲಿ 1966ರಲ್ಲಿ ಈ ಗ್ರಾಮವು ಹುಟ್ಟಿತು. ಆಗ ಚಿತ್ರಗಳನ್ನು ಕೊಳ್ಳುವವರು ವಿರಳ. ಕಲಾಶಾಲೆಯಿಂದ ಹೊರಬಂದ ತರುಣನು ಹೊಟ್ಟೆಪಾಡಿಗಾಗಿ ಕುಂಚವನ್ನು ಕೆಳಗಿಡಬೇಕಾದ ಭಯವಿತ್ತು. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಕೈಕಸುಬು. ಬಾಟಿಕ್ ಮೊದಲಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿ, ಬಂದ ಹಣದಿಂದ ನೆಲವನ್ನು ಕೊಂಡರು. ಚಿತ್ರಕ್ಕೆ ಅನ್ನವಿಟ್ಟದ್ದು ಕಸುಬು.

ಅನ್ನದ ಜೊತೆಗೆ ಅದು ಇನ್ನೇನನ್ನು ಕೊಟ್ಟಿತು? ಬಾಟಿಕ್ಕಿನಲ್ಲಿ ಬಣ್ಣ ಹತ್ತಬಾರದ ಎಡೆಗೆ ಕರಗಿದ ಮೇಣವನ್ನು ಬಳಿದು ಬಟ್ಟೆಯನ್ನು ಬಣ್ಣದಲ್ಲಿ ಅದ್ದುತ್ತಾರೆ. ಒಮ್ಮೆ ಬಿದ್ದ ಮೇಣದ ಗೆರೆಯನ್ನು ಅಳಿಸಿ ತಿದ್ದುವುದು ಸುಲಭವಲ್ಲ. ಕೈಯೂ ಮನಸ್ಸೂ ಮೊದಲೇ ನಿಶ್ಚಯಗೊಂಡಿರಬೇಕು. ಮದರಾಸು ಪಂಥದ ಕೃತಿಗಳಲ್ಲಿ ರೇಖೆಗಿರುವ ಪ್ರಾಧಾನ್ಯವು ಈ ಅಭ್ಯಾಸದಿಂದಲೇ ಬಂದಿತೆನ್ನಲಾಗದು. ಆದರೆ ಅದಕ್ಕೆ ಇದು ಬಲವನ್ನು ಕೊಟ್ಟಿತೆಂದೇ ನಮಗೆ ತೋರುತ್ತದೆ.

ಅಪಾಯವೂ ಇಲ್ಲಿಯೇ ಉಂಟು. ಕೈಚಳಕವು ಕೊಳ್ಳುವವನ ಕಣ್ಣಿಗೆ ಬೇಗನೆ ಒಪ್ಪುತ್ತದೆ. ಒಪ್ಪಿದುದನ್ನೇ ಮತ್ತೆ ಮಾಡುವ ಆಸೆ ಕಲಾವಿದನಿಗೂ ಹುಟ್ಟುತ್ತದೆ. ನಮ್ಮ ಆಲಂಕಾರಿಕರು ಕಾವ್ಯದಲ್ಲಿ ಕೇಳಿದ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕು: ಅಲಂಕಾರವು ರಸಕ್ಕೆ ಅಂಗವಾಗಿದೆಯೋ, ತಾನೇ ಅಂಗಿಯಾಗಿ ಕುಳಿತಿದೆಯೋ?

ಪಣಿಕ್ಕರರು 1963ರಿಂದ ಬರೆದ 'ಪದಗಳು ಮತ್ತು ಸಂಕೇತಗಳು' ಎಂಬ ಚಿತ್ರಮಾಲೆಯು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಜಾತಕದ ಕುಂಡಲಿಗಳನ್ನು ಹೋಲುವ ಮನೆಗಳು, ಅಂಕಿಗಳು, ಮಲೆಯಾಳ ಲಿಪಿಯಂತೆ ಕಾಣುವ ಅಕ್ಷರಪಂಕ್ತಿಗಳು ಅಲ್ಲಿ ತುಂಬಿವೆ. ಅಕ್ಷರಸ್ಥನಾದ ವಾಚಕನು ಅದನ್ನು ಓದಲೆಳಸಿ ಸೋಲುತ್ತಾನೆ. ಸೋತ ಮೇಲೆ ನೋಡತೊಡಗುತ್ತಾನೆ. ಆ ಸೋಲೇ ಚಿತ್ರದ ಫಲ. ಕೆ. ರಾಮಾನುಜಂ ಅವರ ಲೇಖನಿಯ ಚಿತ್ರಗಳಲ್ಲಿ ಒತ್ತೊತ್ತಾದ ಗೆರೆಗಳಿಂದ ಅರಮನೆಗಳೂ ಸರ್ಪಗಳೂ ಏಳುತ್ತವೆ. ಅಲ್ಲಿ ಅಲಂಕಾರವು ಅಪಾರ. ಆದರೂ ಟೊಪ್ಪಿಗೆ ಧರಿಸಿ ಆ ಕನಸಿನೊಳಗೆ ನಿಂತ ಚಿತ್ರಕಾರನ ಒಂಟಿತನವೇ ನಮ್ಮನ್ನು ಮುಟ್ಟುತ್ತದೆ. 1973ರಲ್ಲಿ ಅವರು ಎಳೆವಯಸ್ಸಿನಲ್ಲಿಯೇ ತೀರಿಕೊಂಡುದು ಕಲೆಗೆ ದೊಡ್ಡ ನಷ್ಟ.

ಗ್ರಾಮದ ಸ್ಥಾಪಕರಲ್ಲಿ ಒಬ್ಬರಾದ ಎಸ್. ಜಿ. ವಾಸುದೇವರು ಮೈಸೂರಿನಲ್ಲಿ ಹುಟ್ಟಿದವರು. 1970ರ 'ಸಂಸ್ಕಾರ' ಚಲಚ್ಚಿತ್ರದ ಕಲಾನಿರ್ದೇಶಕರೆಂದೂ ಕನ್ನಡಿಗರಿಗೆ ಪರಿಚಿತರು. ಅವರು ತಾಮ್ರದ ತಗಡನ್ನು ಬಡಿದು ರೂಪಿಸಿದ ಉಬ್ಬುಚಿತ್ರಗಳಲ್ಲಿ ಕಸುಬು ಯಾವುದು, ಕಲೆ ಯಾವುದು ಎಂಬ ಗೆರೆಯನ್ನು ಎಳೆಯಲಾಗದು. ಆದರೆ ಇದೇ ಲೋಹ, ಇದೇ ಗೆರೆ, ಅನುಭವದ ಒತ್ತಾಯವಿಲ್ಲದೆ ಅನುಕರಿಸುವವರ ಕೈಗೆ ಸಿಕ್ಕಾಗ ಮನೆಯ ಗೋಡೆಗೆ ತಕ್ಕ ಒಡವೆಯಾಗಿ ಮಾತ್ರ ಉಳಿಯುತ್ತದೆ. ಪಂಥವೊಂದು ಯಶಸ್ವಿಯಾದ ಮೇಲೆ ತಗಲುವ ರೋಗವಿದು.

2009ರಲ್ಲಿ ಗ್ರಾಮದಲ್ಲಿ ಮದರಾಸು ಪಂಥದ ಕೃತಿಗಳಿಗಾಗಿ ವಸ್ತುಸಂಗ್ರಹಾಲಯವೂ ತೆರೆಯಿತು. ಸಂಗ್ರಹವು ಹಳೆಯದನ್ನು ಕಾಪಾಡಬಲ್ಲುದು, ಹೊಸದನ್ನು ಹುಟ್ಟಿಸಲಾರದು. ಕಸುಬಿನಿಂದ ಸ್ವಾತಂತ್ರ್ಯವನ್ನು ಸಂಪಾದಿಸಿದವರ ಗ್ರಾಮವಿದು. ಆ ಸ್ವಾತಂತ್ರ್ಯವನ್ನು ಇನ್ನು ಮುಂದೆ ಬರುವವರು ಯಾವುದಕ್ಕೆ ವೆಚ್ಚಮಾಡುವರೆಂಬುದೇ, ಅಲ್ಲಿಗೆ ಹೋಗುವ ಸಹೃದಯನು ಪ್ರತಿಯೊಂದು ಕೃತಿಯ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ.