ಕಾಣಿಸದ ಚಕ್ರ: ದೋಷ ಎಲ್ಲಿದೆ?

ಮೊಬೈಲ್ ಆ್ಯಪ್‌ನಲ್ಲಿ ಗುಂಡಿ ಒತ್ತಿದ ಬಳಿಕ ಪರದೆಯ ನಡುವೆ ಸಣ್ಣ ಚಕ್ರವೊಂದು ತಿರುಗುವುದನ್ನು ನೀವು ಗಮನಿಸಿರಬಹುದು. ‘ಕೆಲಸ ನಡೆಯುತ್ತಿದೆ, ಕಾಯಿರಿ’ ಎಂಬುದು ಅದರ ಅರ್ಥ. ಆ ಚಕ್ರವೇ ಕಾಣಿಸದಿದ್ದರೆ?

ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆಗೆ ಹೋಗಿದ್ದಾಗ, ಅರಿಶಿನ ಬೆಳೆಯುವ ಪರಿಚಿತರೊಬ್ಬರು ಹೊಲದ ಬದುವಿನಲ್ಲಿ ನಿಂತು ಬೆಳೆಯ ಚಿತ್ರ ತೆಗೆದು, ಆ್ಯಪ್ ಮೂಲಕ ಅರ್ಜಿ ಕಳುಹಿಸುತ್ತಿದ್ದರು. ‘ಸಲ್ಲಿಸಿ’ ಎಂಬುದನ್ನು ಒತ್ತಿದರು. ಪರದೆ ಕದಲಲಿಲ್ಲ. ಮತ್ತೆ ಎರಡು ಬಾರಿ ಒತ್ತಿದರು. “ಹೋಯ್ತೋ ಇಲ್ವೋ ಒಂದೂ ಗೊತ್ತಾಯ್ತಿಲ್ವಲ್ಲ ಸಾ” ಎಂದರು. ಮರುದಿನ ನೋಡಿದರೆ ಒಂದೇ ಜಮೀನಿಗೆ ಮೂರು ಅರ್ಜಿಗಳು! ಎರಡನ್ನು ರದ್ದುಪಡಿಸಲು ಒಂದು ದಿನದ ಕೆಲಸ ಬಿಟ್ಟು ಓಡಾಡಬೇಕಾಯಿತು.

ಬಳಸಿದವರನ್ನು ದೂರುವುದು ಸುಲಭ. ನನ್ನ ಆಕ್ಷೇಪವಿರುವುದು ಆ್ಯಪ್ ರಚಿಸುವ ರೀತಿಯ ಮೇಲೆ, ಅದನ್ನು ನಾವು ಕಲಿಸುವ ರೀತಿಯ ಮೇಲೆ.

ಕಾರಣವೇನು?

ಇದೇ ವರ್ತನೆ ತೋರುವ ಪುಟ್ಟ ಪ್ರೋಗ್ರಾಮ್ ಒಂದನ್ನು ವಿದ್ಯಾರ್ಥಿಗಳೊಡನೆ ಬರೆದು ನೋಡಿದೆ. ಅದರಲ್ಲಿ ಮೂರೇ ಆದೇಶಗಳು: ಚಕ್ರ ತೋರಿಸು, ಚಿತ್ರವನ್ನು ಕುಗ್ಗಿಸು, ಚಕ್ರ ಮರೆಮಾಡು. ತರ್ಕದಲ್ಲಿ ತಪ್ಪಿಲ್ಲ. ಆದರೂ ಚಕ್ರ ಕಾಣಲಿಲ್ಲ.

‘ತೋರಿಸು’ ಎಂದ ಕ್ಷಣವೇ ಪರದೆ ಬದಲಾಗುವುದಿಲ್ಲ ಎಂಬುದನ್ನು ಗಮನಿಸಿ. ಆ ಆದೇಶ ಒಂದು ಟಿಪ್ಪಣಿಯಾಗಿ ಉಳಿಯುತ್ತದೆ, ಅಷ್ಟೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಪ್ರತಿ ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು. ಪರದೆಯನ್ನು ಸಿದ್ಧಪಡಿಸುವುದು, ಬೆರಳಿನ ಒತ್ತುವಿಕೆಗೆ ಉತ್ತರಿಸುವುದು, ಇವೆರಡೂ ‘ಮೇನ್ ಥ್ರೆಡ್’ ಎಂಬ ಒಂದೇ ಎಳೆಯ ಹೊಣೆ. ಚಿತ್ರ ಕುಗ್ಗಿಸುವ ಕೆಲಸವನ್ನೂ ಅದಕ್ಕೇ ಹೊರಿಸಿದರೆ, ಅದು ಮುಗಿಯುವವರೆಗೆ ಪರದೆಗೆ ಸರದಿಯೇ ಬರುವುದಿಲ್ಲ. ಸರದಿ ಬಂದಾಗ ‘ಮರೆಮಾಡು’ ಎಂಬ ಆದೇಶವೂ ಜಾರಿಯಾಗಿರುತ್ತದೆ!

2011ರಲ್ಲಿ ಬಂದ ಆಂಡ್ರಾಯ್ಡ್ 3.0ರಿಂದ ಜಾಲಸಂಪರ್ಕದ ಕೆಲಸವನ್ನು ಮೇನ್ ಥ್ರೆಡ್‌ನಲ್ಲಿ ಮಾಡಲು ಹೊಸ ಆ್ಯಪ್‌ಗಳಿಗೆ ಅವಕಾಶವಿಲ್ಲ. ಆದರೆ ಭಾರೀ ಲೆಕ್ಕಾಚಾರಕ್ಕೆ ಅಂಥ ತಡೆಯಿಲ್ಲ. ಒತ್ತುವಿಕೆಗೆ 5 ಸೆಕೆಂಡು ಉತ್ತರ ಬಾರದಿದ್ದರೆ ಮಾತ್ರ ‘ಆ್ಯಪ್ ಸ್ಪಂದಿಸುತ್ತಿಲ್ಲ’ ಎಂಬ ಸೂಚನೆ ಬರುತ್ತದೆ.

ದೋಷ ಹುಡುಕುವ ಬಗೆ

ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಾಕು: ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ. ಮೊದಲು ಕೆಲಸವನ್ನೂ ‘ಮರೆಮಾಡು’ ಆದೇಶವನ್ನೂ ತೆಗೆದುಹಾಕಿ. ಆಗಲೂ ಚಕ್ರ ಕಾಣದಿದ್ದರೆ ದೋಷ ಚಿತ್ರಣದಲ್ಲಿದೆ; ಅದು ಬೇರೊಂದು ಪದರದ ಹಿಂದಿರಬಹುದು, ಹಿನ್ನೆಲೆಯ ಬಣ್ಣದಲ್ಲೇ ಇರಬಹುದು. ಕಂಡರೆ, ಕೆಲಸವನ್ನು ಮಾತ್ರ ಮರಳಿ ಸೇರಿಸಿ. ಚಕ್ರ ಕೆಲಸ ಮುಗಿದ ಮೇಲೆ ಕಂಡರೆ ಮೇನ್ ಥ್ರೆಡ್ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಒಡನೆಯೇ ಕಂಡು, ‘ಮರೆಮಾಡು’ ಸೇರಿಸಿದಾಗ ಮಾಯವಾದರೆ, ಕೆಲಸ ಬೇರೆ ಎಳೆಯಲ್ಲಿ ನಡೆಯುತ್ತಿದ್ದು, ಅದು ಮುಗಿಯುವುದನ್ನು ಕಾಯದೆ ಚಕ್ರವನ್ನು ಮರೆಮಾಡಲಾಗುತ್ತಿದೆ.

ಅನೇಕರು ಹುಡುಕುವ ಗೋಜಿಗೆ ಹೋಗದೆ, ಕೆಲಸಕ್ಕೆ ಮುನ್ನ ಅರ್ಧ ಸೆಕೆಂಡಿನ ವಿರಾಮ ಸೇರಿಸುತ್ತಾರೆ. ಚಕ್ರ ಕಾಣುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಅದು ತಿರುಗದೆ ಮರಗಟ್ಟಿ ನಿಲ್ಲುತ್ತದೆ. ಇದು ರೋಗವನ್ನು ಬಿಟ್ಟು ಲಕ್ಷಣಕ್ಕೆ ಮುಲಾಮು ಹಚ್ಚಿದಂತೆ. ಇನ್ನು ಕೆಲವರು ಕೆಲಸ ನಿಂತುಹೋದರೂ ಚಕ್ರವನ್ನು ತಿರುಗಿಸುತ್ತಲೇ ಇರುತ್ತಾರೆ. ಗಾಲಿಗೆ ಜೋಡಿಸದ ವೇಗಮಾಪಕದ ಮುಳ್ಳಿಗೂ ಇದಕ್ಕೂ ಏನು ವ್ಯತ್ಯಾಸ?

ಚಕ್ರವೂ ಒಂದು ಉಪಕರಣ

ಸೂಚಕವನ್ನು ಅಲಂಕಾರವೆಂದು ಭಾವಿಸಿರುವುದೇ ಮೂಲ ತಪ್ಪು. ಬಳಸುವವರು ಅದನ್ನು ಮಾಪಕದಂತೆ ನಂಬುತ್ತಾರೆ. ಬ್ರಾಡ್ ಮೈಯರ್ಸ್ 1985ರಲ್ಲೇ, ಕೆಲಸ ಎಷ್ಟು ಮುಗಿದಿದೆಯೆಂದು ತೋರಿಸುವ ಸೂಚಕ ಬಳಕೆದಾರರಿಗೆ ಉಪಯುಕ್ತವೆಂದು ತೋರಿಸಿದ್ದರು. ಜೇಕಬ್ ನೀಲ್ಸನ್ 1993ರಲ್ಲಿ ನೀಡಿದ ಮಿತಿಗಳು ಇಂದಿಗೂ ಉಪಯುಕ್ತ: 0.1 ಸೆಕೆಂಡಿನೊಳಗಿನ ಉತ್ತರ ತಕ್ಷಣದ್ದೆನಿಸುತ್ತದೆ, 1 ಸೆಕೆಂಡಿನವರೆಗೆ ಆಲೋಚನೆ ಕಡಿಯುವುದಿಲ್ಲ, 10 ಸೆಕೆಂಡು ದಾಟಿದರೆ ಗಮನ ಬೇರೆಡೆ ಹೋಗುತ್ತದೆ.

ಆದ್ದರಿಂದ ಭಾರದ ಕೆಲಸ ಬೇರೆ ಎಳೆಯಲ್ಲಿ ನಡೆಯಲಿ. ಅದು ಮುಗಿದಾಗ ಅಥವಾ ಸೋತಾಗ ಮಾತ್ರ ಚಕ್ರ ಮರೆಯಾಗಲಿ. ಅಲ್ಲಿಯವರೆಗೆ ಗುಂಡಿ ಒತ್ತಲಾಗದಂತಿರಲಿ. ಇಷ್ಟೇ ಸಾಲದು. ಪ್ರತಿ ಅರ್ಜಿಗೂ ಒಂದು ವಿಶಿಷ್ಟ ಸಂಖ್ಯೆಯಿದ್ದು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಅದನ್ನು ಹೊಸ ಅರ್ಜಿಯೆಂದು ಸ್ವೀಕರಿಸಬಾರದು.

ಶಿಕ್ಷಕರು ಇದನ್ನು ಕಂಪ್ಯೂಟರ್ ಇಲ್ಲದೆಯೂ ತೋರಿಸಬಹುದು. ಒಬ್ಬ ವಿದ್ಯಾರ್ಥಿಗೆ ಮೂರು ಚೀಟಿ ಕೊಡಿ: ‘ಕಾಯಿರಿ’ ಎಂದು ಬರೆಯಲು ನಿರ್ಧರಿಸು, ನಾಲ್ಕಂಕಿಯ ಗುಣಾಕಾರ ಮಾಡು, ‘ಕಾಯಿರಿ’ ಬೇಡವೆಂದು ನಿರ್ಧರಿಸು. ಮೂರೂ ಮುಗಿದ ಮೇಲಷ್ಟೇ ಕಪ್ಪುಹಲಗೆ ಮುಟ್ಟಬೇಕೆಂಬ ನಿಯಮವಿರಲಿ. ಹಲಗೆ ಖಾಲಿಯೇ ಉಳಿಯುತ್ತದೆ. ಈಗ ಗುಣಾಕಾರವನ್ನು ಇನ್ನೊಬ್ಬನಿಗೆ ವಹಿಸಿ, ಅವನು ಮುಗಿಸಿದ ಮೇಲಷ್ಟೇ ಮೂರನೆಯ ಚೀಟಿ ಕೊಡಿ. ವ್ಯತ್ಯಾಸವನ್ನು ತರಗತಿಯೇ ಹೇಳುತ್ತದೆ.