ಫ್ರಾಕಿನ ಒಳಮಗ್ಗುಲು

ವಿಕ್ಟೋರಿಯಾ ರಾಣಿಯ ಕಾಲದ (1837–1901) ಇಂಗ್ಲೆಂಡಿನ ಹುಡುಗಿಯರ ಫ್ರಾಕನ್ನು ಚಿತ್ರದಲ್ಲಿ ಕಂಡವರ ಕಣ್ಣು ಮೊದಲು ಹೋಗುವುದು ಲೇಸು, ರಿಬ್ಬನ್ನು, ಉಬ್ಬಿದ ಲಂಗದ ಮೇಲೆ. ಹೊಲಿಗೆ ಬಲ್ಲವರು ಅದನ್ನು ಒಳಮಗ್ಗುಲು ತಿರುಗಿಸಿ ನೋಡುತ್ತಾರೆ. ಆ ಕಾಲ ಮಕ್ಕಳ ಮೇಲೆ ತೋರಿದ ಅಕ್ಕರೆ ಬಹುಪಾಲು ಒಳಗಿದೆ, ಮಾಡಿದ ಅನ್ಯಾಯ ಹೊರಗಿದೆ ಎಂಬುದು ನನ್ನ ಅಭಿಪ್ರಾಯ.

1850ರ ಸುಮಾರಿನ ಒಂದು ಸಾಧಾರಣ ಹತ್ತಿ ಫ್ರಾಕನ್ನೇ ತೆಗೆದುಕೊಳ್ಳಿ. ಲಂಗಕ್ಕೆ ಕತ್ತರಿ ತಾಗಿದ್ದೇ ಕಡಿಮೆ. ಬಟ್ಟೆಯ ಪೂರ್ತಿ ಅಗಲದ ನೇರ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ, ಸೊಂಟದಲ್ಲಿ ಒತ್ತೊತ್ತಾಗಿ ನಿರಿಗೆ ಹಿಡಿದು ಮೇಲ್ಭಾಗಕ್ಕೆ ಹೊಲಿದಿರುತ್ತಾರೆ. ಬಿಚ್ಚಿದರೆ ಬಟ್ಟೆ ಇಡಿಯಾಗಿ ಮತ್ತೆ ಕೈಗೆ ಬರುತ್ತದೆ. ತಂಗಿಗೋ ತಮ್ಮನಿಗೋ ಇನ್ನೊಂದು ಉಡುಪಾಗುತ್ತದೆ (ಗಂಡುಮಕ್ಕಳೂ ಎಳೆಯ ವಯಸ್ಸಿನಲ್ಲಿ ಫ್ರಾಕನ್ನೇ ತೊಡುತ್ತಿದ್ದರು). ಕೆಳಗೆ, ಅಂಚಿನ ಮೇಲೆ, ಸುತ್ತಲೂ ಎರಡೋ ಮೂರೋ ಟಕ್. ನೋಡಲು ಅಲಂಕಾರ, ನಿಜದಲ್ಲಿ ಮುಂದಿನ ವರ್ಷಗಳ ಉದ್ದ. ಹುಡುಗಿ ಎತ್ತರವಾದಂತೆ ಒಂದೊಂದನ್ನೇ ಬಿಚ್ಚುತ್ತಿದ್ದರು. ಮಗಳ ಲಂಗಕ್ಕೆ ಟಕ್ ಹಿಡಿದಿಟ್ಟ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಚ್ಚಿದ ಕಡೆ ಬಣ್ಣ ಮಾಸದ ಗೆರೆ ಉಳಿಯುತ್ತದೆ. ಅದರ ಮೇಲೆ ಪಟ್ಟಿ ಹೊಲಿದು ಮರೆಸಿದ ಫ್ರಾಕುಗಳೂ ಇವೆ.

ಕಂಕುಳು, ಕತ್ತು, ಸೊಂಟದ ಹೊಲಿಗೆಗಳಲ್ಲಿ ಕ್ರಾಸ್ ಪಟ್ಟಿಯೊಳಗೆ ಹುರಿ ಇಟ್ಟ ಸಣ್ಣ ಪೈಪಿಂಗ್ ಇರುತ್ತದೆ. ಚೆಂದಕ್ಕಷ್ಟೇ ಇಟ್ಟದ್ದಲ್ಲ. ಮಗು ಕೈಯೆತ್ತಿದಾಗ ಮೊದಲು ಜಗ್ಗುವುದು ಕಂಕುಳು. ಆ ಎಳೆತವನ್ನು ಹುರಿ ತಾಳಿಕೊಂಡು ಬಟ್ಟೆಯನ್ನು ಉಳಿಸುತ್ತದೆ. ಕತ್ತಿನ ಅಂಚಿಗೆ ಲಾಡಿ ಪೋಣಿಸಿ, ಹೆಗಲು ಅಗಲವಾದಂತೆ ಸಡಿಲಿಸುವ ಏರ್ಪಾಡೂ ಉಂಟು. ಸಿಂಗರ್ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು 1851ರಲ್ಲಿ. ಯಂತ್ರ ಮನೆಮನೆಗೆ ಬರುವ ತನಕ ಇದೆಲ್ಲ ಕೈಹೊಲಿಗೆ. ಇಷ್ಟು ಮುಂದಾಲೋಚನೆ ಇಂದಿನ ರೆಡಿಮೇಡ್ ಉಡುಪಿನಲ್ಲಿ ಅಪರೂಪ.

ಇಷ್ಟು ಬಲ್ಲ ಕೈಗಳೇ ಆ ಕತ್ತನ್ನು ಹೆಗಲು ಜಾರುವಷ್ಟು ಅಗಲವಾಗಿ ಕತ್ತರಿಸಿದ್ದು ನನಗೆ ಸಂಕಟದ ವಿಷಯ. ಇಂಗ್ಲೆಂಡಿನ ಚಳಿಯಲ್ಲಿ ತೋಳು, ಹೆಗಲು, ಎದೆಯ ಮೇಲ್ಭಾಗ ಬರಿದು. ಬರ್ಮಿಂಗ್‌ಹ್ಯಾಮಿನ ವೈದ್ಯ ಪೈ ಹೆನ್ರಿ ಶವಾಸ್ ತಾಯಂದಿರಿಗೆ ಬರೆದ ಪುಸ್ತಕದಲ್ಲಿ ಇದನ್ನು ಖಂಡಿಸಿದರೂ ಫ್ಯಾಷನ್ ಬೇಗ ಜಗ್ಗಲಿಲ್ಲ. 1856ರ ನಂತರ ಲಂಗವನ್ನು ಉಬ್ಬಿಸುವ ಉಕ್ಕಿನ ಬಳೆಗಳ ಕ್ರಿನೊಲಿನ್ ಬಂತು, ಮಕ್ಕಳಿಗೂ ಅದರ ಚಿಕ್ಕ ಅಳತೆ ಬಂತು. ಹೆಂಗಸರ ಲಂಗ ಹಿಂದಕ್ಕೆ ಉಬ್ಬಿದಾಗ ಹುಡುಗಿಯರದ್ದೂ ಉಬ್ಬಿತು. ಅಮೆರಿಕದ ‘ಹಾರ್ಪರ್ಸ್ ಬಜಾರ್’ ಪತ್ರಿಕೆ 1868ರಲ್ಲಿ ಯಾವ ವಯಸ್ಸಿಗೆ ಲಂಗ ಎಷ್ಟು ಉದ್ದವಿರಬೇಕೆಂದು ಚಿತ್ರ ಬರೆದೇ ತೋರಿಸಿತು: 4ನೇ ವಯಸ್ಸಿಗೆ ಮೊಣಕಾಲಿನ ಹತ್ತಿರ, 16ಕ್ಕೆ ಕಣಕಾಲಿನ ಹತ್ತಿರ. ಮೈ ಬೆಳೆಯಲೆಂದು ಬಿಟ್ಟ ಟಕ್ಕುಗಳೇ ಹೀಗೆ ಮರ್ಯಾದೆಯ ಅಳತೆಗೋಲಾದವು. ಹುಡುಗಿ ಬೆಳೆದಷ್ಟೂ ಅವಳ ಓಟ ಕಡಿಮೆಯಾಗಬೇಕು.

ಈ ಕಾಲದ ಅತ್ಯುತ್ತಮ ಉಡುಪು ಯಾವುದೆಂದು ಕೇಳಿದರೆ ನಾನು ಪಿನಾಫೋರನ್ನು ಆರಿಸುತ್ತೇನೆ. 1865ರಲ್ಲಿ ಬಂದ ಆಲಿಸ್ ಕಥೆಯ ಪುಸ್ತಕಕ್ಕೆ ಟೆನಿಯಲ್ ಬರೆದ ಚಿತ್ರಗಳಲ್ಲಿ ಫ್ರಾಕಿನ ಮೇಲೆ ಕಾಣುವ ಬಿಳಿ ಏಪ್ರನ್ ಅದು. ಉಣ್ಣೆಯ ಫ್ರಾಕನ್ನು ಪದೇ ಪದೇ ಒಗೆಯುವಂತಿರಲಿಲ್ಲ. ಹತ್ತಿಯ ಪಿನಾಫೋರನ್ನು ಕುದಿಸಿ ಒಗೆಯಬಹುದಿತ್ತು. ಮಣ್ಣು, ಶಾಯಿ, ಜಾಮು ಎಲ್ಲಕ್ಕೂ ಅದು ಒಡ್ಡಿಕೊಂಡಿತು. ಮಗು ಕೊಳೆ ಮಾಡಿಕೊಳ್ಳುತ್ತದೆ ಎಂಬುದನ್ನು ಒಪ್ಪಿಕೊಂಡ ಉಡುಪು ಇದೊಂದೇ.

1879ರಲ್ಲಿ ಕೇಟ್ ಗ್ರೀನವೇ ಅವರ ಮಕ್ಕಳ ಚಿತ್ರಪುಸ್ತಕ ‘ಅಂಡರ್ ದ ವಿಂಡೋ’ ಬಂದ ಮೇಲೆ, ಶತಮಾನದ ಆರಂಭದ ಎತ್ತರ ಸೊಂಟದ ಸಡಿಲ ಫ್ರಾಕುಗಳು ಮರಳಿದವು. ಲಂಡನ್ನಿನ ಲಿಬರ್ಟಿ ಅಂಗಡಿ ಅಂಥವನ್ನು ಹೊಲಿಸಿ ಮಾರಿತು. ಗ್ರೀನವೇ ಚಿತ್ರಗಳ ಅತಿ ಮುದ್ದು ನನಗೆ ಹಿಡಿಸುವುದಿಲ್ಲ, ಆದರೆ ಆ ಫ್ರಾಕಿನ ಭಾರ ಹೆಗಲಿನಿಂದ ಇಳಿಯುತ್ತದೆ, ಸೊಂಟವನ್ನು ಬಿಗಿಯುವುದಿಲ್ಲ. ಅದರ ಜೊತೆಗೆ ಹೊಲದ ಕೂಲಿಯವರ ಅಂಗಿಯಿಂದ ಬಂದ ಸ್ಮಾಕಿಂಗ್ ಇನ್ನೂ ದೊಡ್ಡ ಲಾಭ: ನಿರಿಗೆಗಳನ್ನು ಕಸೂತಿಯಿಂದಲೇ ಹಿಡಿದಿಡುವುದರಿಂದ ಎದೆಯ ಭಾಗ ಉಸಿರಿಗೆ ತಕ್ಕಂತೆ ಹಿಗ್ಗುತ್ತದೆ. ಅಂದವೂ ಅನುಕೂಲವೂ ಇಲ್ಲಿ ಒಂದೇ ಹೊಲಿಗೆ. ಆದರೆ ಗುಂಡಿಗಳು ಅನೇಕ ಫ್ರಾಕುಗಳಲ್ಲಿ ಬೆನ್ನಿಗೇ ಉಳಿದವು. ಒಂಬತ್ತು ವರ್ಷದ ಹುಡುಗಿಯೂ ಬಟ್ಟೆ ತೊಡಲು ಅಕ್ಕನನ್ನೋ ದಾದಿಯನ್ನೋ ಕರೆಯಬೇಕಿತ್ತು.